ಭಾರ ಹೋಗುವ ದಾರಿ

ಹಳೆಯ ಹಾಯಿದೋಣಿ ಕೊಂಡರೆ ಅದರ ಜೊತೆಗೆ ಒಂದು ಗೋಣಿಚೀಲವೂ ಬರುತ್ತದೆ. ಅದರೊಳಗೆ ಹಗ್ಗ, ತಂತಿ, ರಾಟೆ, ಕೊಂಡಿ, ಪಿನ್ನುಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಬಿದ್ದಿರುತ್ತವೆ. ಯಾವುದು ಎಲ್ಲಿಗೆ ಸೇರಿದ್ದು ಎಂದು ಮಾರುವವರಿಗೆ ಗೊತ್ತಿರುವುದಿಲ್ಲ. ದೋಣಿ ನಡೆಸುತ್ತಿದ್ದವರು ಅವರ ತಂದೆಯೋ ಮಾವನೋ ಆಗಿರುತ್ತಾರೆ. ಕೂವೆಕಂಬ ಇಳಿಸಿ ಶೆಡ್ಡಿನ ಗೋಡೆಗೆ ಒರಗಿಸಿ ವರ್ಷಗಳೇ ಕಳೆದಿರುತ್ತವೆ. ಮುಂಬೈಯಿಂದ ಲಾರಿಯಲ್ಲಿ ಕುಂದಾಪುರಕ್ಕೆ ಬಂದ ನನ್ನ ಎಂಟರ್‌ಪ್ರೈಸ್ ದೋಣಿಯದ್ದೂ ಇದೇ ಕಥೆ.

ಎಂಟರ್‌ಪ್ರೈಸ್ ಅಂದರೆ 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಗಾಗಿ ರೂಪಿಸಿದ, ಇಬ್ಬರು ಕೂತು ನಡೆಸುವ ದೋಣಿ. ಉದ್ದ ನಾಲ್ಕು ಮೀಟರಿಗೆ ತುಸು ಹೆಚ್ಚು. ಪ್ಲೈವುಡ್ ತಂದು ಮನೆಯಲ್ಲೇ ಕಟ್ಟಿಕೊಳ್ಳಬಹುದು ಎಂಬುದು ಆಗ ಅದರ ದೊಡ್ಡ ಆಕರ್ಷಣೆಯಾಗಿತ್ತು. ನನ್ನದು ಫೈಬರಿನದು. ತಿಳಿನೀಲಿ ಹಾಯಿ ಈ ದೋಣಿಯ ಗುರುತು. ನಮ್ಮ ದೇಶದ ಸೇಲಿಂಗ್ ಕ್ಲಬ್ಬುಗಳಲ್ಲಿ ದಶಕಗಳ ಕಾಲ ಓಡಿದ ದೋಣಿಯಾದ್ದರಿಂದ ಹಳೆಯವು ಈಗಲೂ ಆಗೀಗ ಕೈಗೆ ಸಿಗುತ್ತವೆ.

ಚಿತ್ರ ನೋಡಿ ಜೋಡಿಸಬಹುದಲ್ಲ ಎಂದು ಅನೇಕರು ಕೇಳಿದರು. ಚಿತ್ರಗಳೇನೋ ಸಿಗುತ್ತವೆ. ಆದರೆ ಚಿತ್ರದಲ್ಲಿರುವುದು ಹೊಸ ದೋಣಿ. ಹಳೆಯ ದೋಣಿಯನ್ನು ಪ್ರತಿಯೊಬ್ಬ ಯಜಮಾನನೂ ತನ್ನ ಕೈಗೆ ಒಗ್ಗುವಂತೆ ತಿದ್ದಿಕೊಂಡಿರುತ್ತಾನೆ. ಇಲ್ಲಿದ್ದ ರಾಟೆಯನ್ನು ಕಿತ್ತು ಅಲ್ಲಿ ಕೂರಿಸಿರುತ್ತಾನೆ, ಹಳೆಯ ತೂತಿಗೆ ಎಂ-ಸೀಲ್ ತುಂಬಿರುತ್ತಾನೆ. ಎರಡು ಕಡೆಯ ಚಿತ್ರಗಳೇ ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ನಾನು ಚಿತ್ರಗಳನ್ನು ಬದಿಗಿಟ್ಟು ಬೇರೆ ದಾರಿ ಹಿಡಿದೆ. ಪ್ರತಿ ಹಗ್ಗಕ್ಕೂ ಒಂದೇ ಪ್ರಶ್ನೆ: ನೀನು ಎಳೆಯುವುದು ಯಾವುದನ್ನು, ಆ ಎಳೆತ ಕೊನೆಗೆ ದೋಣಿಯ ಯಾವ ಜಾಗಕ್ಕೆ ಹೋಗಿ ಸೇರುತ್ತದೆ? ಭಾರ ಹೋಗುವ ದಾರಿ ಗೊತ್ತಾದರೆ ಹಗ್ಗದ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಚೀಲವನ್ನು ಅಂಗಳದಲ್ಲಿ ಸುರಿದು ಮೊದಲು ತಂತಿಯನ್ನೂ ಹಗ್ಗವನ್ನೂ ಬೇರೆ ಮಾಡಿದೆ. ತಂತಿಗಳಲ್ಲೂ ಎರಡು ಜಾತಿ. ಒಂದು ಬಗ್ಗಿಸಿದರೆ ಬಗ್ಗದ ಬಿರುಸು ತಂತಿ. ಹತ್ತೊಂಬತ್ತು ದಪ್ಪ ಎಳೆಗಳನ್ನು ಒಂದೇ ಹುರಿಯಾಗಿ ಹೊಸೆದದ್ದು. ಇದು ಕೂವೆಕಂಬವನ್ನು ನಿಲ್ಲಿಸುವುದಕ್ಕೆ. ಇನ್ನೊಂದು ಮೆತ್ತನೆಯ ತಂತಿ. ಹತ್ತೊಂಬತ್ತು ಎಳೆಗಳ ಏಳು ಹುರಿಗಳನ್ನು ಮತ್ತೆ ಹೊಸೆದದ್ದು, ಒಟ್ಟು 133 ಎಳೆ. ರಾಟೆಯ ಮೇಲೆ ಹರಿದು ಹಾಯಿ ಏರಿಸುವುದಕ್ಕೆ ಇದು. ಬೆರಳಿನಿಂದ ಬಗ್ಗಿಸಿ ನೋಡಿದರೆ ಸಾಕು, ಯಾವುದು ನಿಲ್ಲಿಸುವ ತಂತಿ, ಯಾವುದು ಓಡಾಡುವ ತಂತಿ ಎಂದು ತಿಳಿಯುತ್ತದೆ.

ಬಿರುಸು ತಂತಿ ಮೂರೇ ಇದ್ದವು. ಒಂದು ಮೂತಿಗೆ, ಎರಡು ಪಕ್ಕಗಳಿಗೆ. ಹಿಂದಕ್ಕೆ ಎಳೆಯುವ ತಂತಿ ಒಂದೂ ಇಲ್ಲ. ಒಂದು ತಂತಿ ಕಳೆದುಹೋಗಿರಬೇಕು ಎಂದು ಚೀಲ, ಶೆಡ್ಡು, ಲಾರಿಯವನು ಎಲ್ಲವನ್ನೂ ಕೇಳಿ ನೋಡುವ ಮೊದಲು ದೋಣಿಯ ಅಂಚನ್ನು ನೋಡಬೇಕು. ಪಕ್ಕದ ತಂತಿಗಳನ್ನು ಕಟ್ಟುವ ಪಟ್ಟಿಗಳು ಕಂಬದ ನೇರಕ್ಕಿರುವುದಿಲ್ಲ, ಅದಕ್ಕಿಂತ ಹಿಂದಿರುತ್ತವೆ. ಹಾಗಾಗಿ ಆ ಎರಡು ತಂತಿಗಳು ಕಂಬವನ್ನು ಪಕ್ಕಕ್ಕೂ ಎಳೆಯುತ್ತವೆ, ಹಿಂದಕ್ಕೂ ಎಳೆಯುತ್ತವೆ. ಮುಂದಿನದು ಒಂದು, ಪಕ್ಕದವು ಎರಡು. ಮೂರರಲ್ಲೇ ಕಂಬ ನಿಲ್ಲುತ್ತದೆ. ನಾಲ್ಕನೆಯದು ಬೇಕಿಲ್ಲ.

ಇದಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಮುಂದಿನ ತಂತಿ. ಕಂಬ ಎಬ್ಬಿಸಿ ಮೂರನ್ನೂ ಬಿಗಿದು ಮುಂದಿನ ಸಣ್ಣ ಹಾಯಿ ಜಿಬ್ ಏರಿಸಿದರೆ ಆ ತಂತಿ ಸಡಿಲವಾಗಿ ಜೋಲಾಡುತ್ತಿತ್ತು. ಮತ್ತೆ ಬಿಗಿದರೂ ಅದೇ. ಇಲ್ಲಿಯೂ ಭಾರ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿದಾಗಲೇ ಉತ್ತರ ಸಿಕ್ಕಿತು. ಜಿಬ್‌ನ ಮುಂದಿನ ಅಂಚಿನ ಬಟ್ಟೆಯೊಳಗೆ ಇನ್ನೊಂದು ತಂತಿ ಅಡಗಿದೆ. ಜಿಬ್ ಏರಿಸುವ ತಂತಿಯನ್ನು ಕಂಬದ ಬುಡದಲ್ಲಿರುವ ಸನ್ನೆಗೆ ಸಿಕ್ಕಿಸಿ ಒತ್ತಿದರೆ ಕಂಬವನ್ನು ಮುಂದಕ್ಕೆ ಎಳೆದು ಹಿಡಿಯುವ ಕೆಲಸವನ್ನು ಆ ಅಡಗಿದ ತಂತಿಯೇ ವಹಿಸಿಕೊಳ್ಳುತ್ತದೆ. ಹೊರಗೆ ಕಾಣುವ ತಂತಿ ಇರುವುದು ಹಾಯಿ ಇಳಿಸಿದಾಗ ಕಂಬ ಬೀಳದಿರಲಿ ಎಂದು ಮಾತ್ರ. ಸಡಿಲವಾಗಿರುವುದೇ ಅದರ ಸರಿಯಾದ ಸ್ಥಿತಿ. ಆದರೆ ಜಿಬ್ ಇಳಿಸುವ ಮುನ್ನ ಅದರ ಪಿನ್ನು ಭದ್ರವಾಗಿದೆಯೇ ಎಂದು ಪ್ರತಿ ಸಲವೂ ನೋಡಲೇಬೇಕು. ಇಲ್ಲದಿದ್ದರೆ ಸನ್ನೆ ಬಿಚ್ಚಿದ ಮರುಕ್ಷಣ ಕಂಬ ಹಿಂದಕ್ಕೆ ಬಂದು ತಲೆಯ ಮೇಲೆ ಬೀಳುತ್ತದೆ.

ಕರಾವಳಿಯಲ್ಲಿ ಇರುವುದರ ಲಾಭ ನನಗೆ ತಿಳಿದದ್ದು ಈ ಹಂತದಲ್ಲಿ. ನಮ್ಮ ಬೀದಿಯಲ್ಲೇ ಒಬ್ಬ ಹಿರಿಯರಿದ್ದಾರೆ, ಯೌವನದಲ್ಲಿ ಮಂಜಿಯಲ್ಲಿ ದುಡಿದವರು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮರದ ಹಡಗು ಮಂಜಿ. ಎಂಜಿನ್ ಬರುವ ಮುಂಚೆ ಅವು ಹಾಯಿಯಲ್ಲೇ ಓಡುತ್ತಿದ್ದವು. ಅಲ್ಯೂಮಿನಿಯಂ ಕಂಬವನ್ನಾಗಲೀ ಸ್ಟೇನ್‌ಲೆಸ್ ತಂತಿಯನ್ನಾಗಲೀ ಅವರು ಬಳಸಿದವರಲ್ಲ. ಪಕ್ಕದ ತಂತಿಗಳನ್ನು ಒಮ್ಮೆ ಕೈಯಲ್ಲಿ ಮೀಟಿ ನೋಡಿ ಅಂದರು: “ಗಾಳಿ ಬಪ್ ಬದಿ ಹಗ್ಗ ಮಾತ್ರ ದುಡಿತ್ತ್, ಆಚಿ ಬದಿದ್ ಸುಮ್ನೆ ಇರತ್ತ್.” ಅವರ ಹಡಗಿನಲ್ಲಿ ದಿಕ್ಕು ಬದಲಿಸಿದಾಗಲೆಲ್ಲ ಕಂಬ ಹಿಡಿಯುವ ಹಗ್ಗಗಳನ್ನು ಬಿಚ್ಚಿ ಗಾಳಿ ಬರುವ ಬದಿಗೆ ತಂದು ಕಟ್ಟಬೇಕಿತ್ತಂತೆ. ನನ್ನ ದೋಣಿಯಲ್ಲಿ ಎರಡೂ ಬದಿಗೆ ಕಾಯಂ ಇವೆ, ಅಷ್ಟೇ ವ್ಯತ್ಯಾಸ. ಓಡುವಾಗ ಗಾಳಿ ಹೋಗುವ ಕಡೆಯ ತಂತಿ ತುಸು ಸಡಿಲಾದರೆ ಗಾಬರಿಪಡಬೇಕಿಲ್ಲ ಎಂಬುದನ್ನು ನಾನು ಕಲಿತದ್ದು ಅವರಿಂದ.

ಹಗ್ಗಗಳ ವಿಷಯಕ್ಕೆ ಬಂದಾಗ ನೆರವಾದದ್ದು ಸವೆತ. ಸವೆತ ಸುಳ್ಳು ಹೇಳುವುದಿಲ್ಲ. ಚೀಲದಲ್ಲಿ ಒಂದು ಉದ್ದನೆಯ ಹಗ್ಗವಿತ್ತು. ನಡುವೆ ಒಂದು ಕಡೆ ಗಂಟು ಬಿಚ್ಚಿದ ಮೇಲೂ ಉಳಿದ ಸುಕ್ಕು. ಆ ಸುಕ್ಕಿನಿಂದ ಎರಡೂ ಕಡೆಗೆ ಸಮದೂರದಲ್ಲಿ ಹಗ್ಗ ಒಂದು ಗೇಣಿನಷ್ಟು ಚಪ್ಪಟೆಯಾಗಿ, ಮೇಲಿನ ನೂಲು ಎದ್ದು ರೋಮದಂತಾಗಿತ್ತು. ನೆಲದ ಮೇಲೆ ಹಾಸಿ ನೋಡಿದರೆ ಎಲ್ಲವೂ ಸ್ಪಷ್ಟ: ನಡುವಿನ ಸುಕ್ಕು ಜಿಬ್‌ನ ಮೂಲೆಗೆ ಕಟ್ಟಿದ್ದ ಜಾಗ. ಎರಡು ಚಪ್ಪಟೆ ಜಾಗಗಳು ಎಡ ಬಲದ ಹಲ್ಲುಕ್ಲೀಟುಗಳು ಕಚ್ಚಿ ಹಿಡಿದಿದ್ದ ಜಾಗ. ಒಂದೇ ಹಗ್ಗ ಎರಡೂ ಬದಿಯ ಜಿಬ್ ಶೀಟ್ ಆಗಿ, ಅಂದರೆ ಹಾಯಿಯನ್ನು ಎಳೆದು ಬಿಡುವ ಹಗ್ಗವಾಗಿ, ದುಡಿದಿತ್ತು. ಕೊಂಡಿಗಳ ಒಳಮೈಯಲ್ಲೂ ಇಂಥದ್ದೇ ಗುರುತು ಇರುತ್ತದೆ. ಅರ್ಧಚಂದ್ರದ ಹೊಳಪು ಯಾವ ಕಡೆಗಿದೆಯೋ ಎಳೆತ ಆ ಕಡೆಯದು. ದೊಡ್ಡ ಹಾಯಿಯ ತಳವನ್ನು ಹಿಡಿಯುವ ಅಡ್ಡಕೋಲು ಬೂಮ್. ಅದರ ಕೆಳಗಿನ ಒಂದು ಪಟ್ಟಿ ಮುಂದಕ್ಕೂ ಕೆಳಕ್ಕೂ ಸವೆದಿತ್ತು, ಕಂಬದ ಬುಡದ ಬಳೆ ಹಿಂದಕ್ಕೂ ಮೇಲಕ್ಕೂ ಸವೆದಿತ್ತು. ಎರಡರ ನಡುವೆ ಓರೆಯಾಗಿ ಒಂದು ರಾಟೆ ಜೋಡಿ ಇದ್ದಿರಲೇಬೇಕು. ಅದೇ ಕಿಕರ್. ಗಾಳಿ ಬೆನ್ನಿಗಿದ್ದು ದೊಡ್ಡ ಹಾಯಿಯನ್ನು ಹೊರಕ್ಕೆ ಬಿಟ್ಟಾಗ ಬೂಮ್ ಮೇಲಕ್ಕೆ ಹಾರದಂತೆ ಅದುಮಿ ಹಿಡಿಯುವುದು ಇದರ ಕೆಲಸ. ಇದಿಲ್ಲದೆ ಓಡಿದರೆ ದೋಣಿ ಎಡಕ್ಕೂ ಬಲಕ್ಕೂ ಹೊಯ್ದಾಡಿ ಮಗುಚಬಹುದು. ಚಲಿಸುವ ರಾಟೆಯನ್ನು ಎಷ್ಟು ಎಳೆ ಹಗ್ಗ ಹಿಡಿದು ಎಳೆಯುತ್ತಿವೆ ಎಂದು ಎಣಿಸಿದರೆ ನಮ್ಮ ಬಲ ಎಷ್ಟು ಪಟ್ಟಾಗುತ್ತದೆ ಎಂಬ ಲೆಕ್ಕ ಸಿಗುತ್ತದೆ. ನಾಲ್ಕು ಎಳೆಯಿದ್ದರೆ, ಘರ್ಷಣೆ ಬಿಟ್ಟು, ನಾಲ್ಕು ಪಟ್ಟು.

ದಪ್ಪ ಹಗ್ಗಕ್ಕೆ ಭಾರ ಹೆಚ್ಚು ಎಂದೇನೂ ಇಲ್ಲ. ದೊಡ್ಡ ಹಾಯಿಯ ಶೀಟ್ ದಪ್ಪಗಿರುವುದು ದಿನವಿಡೀ ಅಂಗೈಯಲ್ಲಿ ಹಿಡಿಯಬೇಕಲ್ಲ, ಅದಕ್ಕೆ. ಹಾಯಿ ಏರಿಸುವ ಹಗ್ಗ ತೆಳುವಾದರೂ ಹಿಗ್ಗಬಾರದು. ನಮ್ಮೂರಿನ ಮೀನುಗಾರಿಕೆ ಸಾಮಾನಿನ ಅಂಗಡಿಗಳಲ್ಲಿ ಸಿಗುವ ನೈಲಾನ್ ಲಂಗರಿಗೆ ಒಳ್ಳೆಯದು, ಏಕೆಂದರೆ ಅದು ಹಿಗ್ಗಿ ಜಗ್ಗುವ ಹೊಡೆತವನ್ನು ನುಂಗುತ್ತದೆ. ಅದೇ ಕಾರಣಕ್ಕೆ ಹಾಯಿ ಏರಿಸಲು ಅದು ಬೇಡ; ಪಾಲಿಯೆಸ್ಟರ್ ಹಗ್ಗವನ್ನೇ ತರಿಸಿ.

ತಂತಿಗಳ ಆರೋಗ್ಯ ನೋಡಲು ಒಂದು ಹತ್ತಿಬಟ್ಟೆ ಸಾಕು. ಬಟ್ಟೆಯಲ್ಲಿ ತಂತಿಯನ್ನು ಹಿಡಿದು ಮೇಲಿಂದ ಕೆಳಗೆ ನಿಧಾನವಾಗಿ ಜಾರಿಸಿದರೆ ಮುರಿದ ಎಳೆಯಿರುವಲ್ಲಿ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾಡಿದರೆ ಸಿಕ್ಕುವುದು ಚರ್ಮ. ನನ್ನ ಎಡಗಡೆಯ ತಂತಿ ಮೇಲೆಲ್ಲ ಹೊಸದರಂತೆ ಹೊಳೆಯುತ್ತಿತ್ತು. ಕೆಳಗೆ ಫೆರೂಲಿನೊಳಗೆ, ಅಂದರೆ ತುದಿಯ ಕುಣಿಕೆಯನ್ನು ಒತ್ತಿ ಹಿಡಿಯುವ ಲೋಹದ ಕೊಳವೆಯೊಳಗೆ, ನುಗ್ಗುವ ಬಾಯಲ್ಲಿ ಮಾತ್ರ ಕಂದು ಬಣ್ಣದ ಸಣ್ಣ ಉಂಗುರ, ಅದರ ಮೇಲೆ ಒಂದು ಎಳೆ ಮುರಿದು ಹೊರಗೆ ಚಾಚಿತ್ತು. ಉಪ್ಪುನೀರು ಇಳಿದು ನಿಲ್ಲುವುದು ಆ ಬಾಯಲ್ಲೇ. ಒಂದು ಎಳೆ ಮುರಿದಿದ್ದರೂ ಪಕ್ಕದ ಎರಡು ತಂತಿಗಳನ್ನೂ ಒಟ್ಟಿಗೆ ಬದಲಿಸಬೇಕು. ಎರಡರ ವಯಸ್ಸೂ ಒಂದೇ. ಹೊಸದನ್ನು ಮಾಡಿಸುವಾಗ ಫೆರೂಲು ತಾಮ್ರದ್ದಾಗಿರಲಿ. ಸ್ಟೇನ್‌ಲೆಸ್ ತಂತಿಗೆ ಅಲ್ಯೂಮಿನಿಯಂ ಫೆರೂಲು ಒತ್ತಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ರಿವೆಟ್ ಬಡಿದ ಜಾಗಗಳಲ್ಲಿ ಬಿಳಿ ಪುಡಿ ಉದುರುವುದೂ ಇದೇ ಕಾರಣಕ್ಕೆ.

ಕಂಬದ ಒಳಗೆ ಹಾಯುವ ಹಗ್ಗವನ್ನು ಹಾಗೇ ಎಳೆದು ತೆಗೆಯಬೇಡಿ. ತುದಿಗೆ ಬಲೆ ಹೆಣೆಯುವ ದಾರ ಬಿಗಿದು, ಹಳೆಯದು ಹೊರಬರುತ್ತಿದ್ದಂತೆ ದಾರ ಒಳಗೆ ಹೋಗುವ ಹಾಗೆ ಮಾಡಿ. ಹೊಸ ಹಗ್ಗ ಅದೇ ದಾರ ಹಿಡಿದು ವಾಪಸು ಬರುತ್ತದೆ.

ಕಂಬ ನೆಟ್ಟಗಿದೆಯೇ ಎಂದು ತಿಳಿಯಲು ದೊಡ್ಡ ಹಾಯಿ ಏರಿಸುವ ಹಗ್ಗಕ್ಕೆ ಅಳತೆಯ ಟೇಪು ಕಟ್ಟಿ ತುದಿಯವರೆಗೆ ಏರಿಸಿ, ಎಡ ಬಲದ ಪಟ್ಟಿಗಳವರೆಗೆ ಅಳೆದರೆ ಎರಡೂ ಒಂದೇ ಬರಬೇಕು. ಇದೆಲ್ಲವನ್ನೂ ಒಣನೆಲದಲ್ಲೇ ಮುಗಿಸಿಕೊಳ್ಳಬೇಕು. ನಮ್ಮಲ್ಲಿ ಬೇಸಗೆಯ ಮಧ್ಯಾಹ್ನ ಕಡಲಗಾಳಿ ಪಡುವಣದಿಂದ ಬೀಸತೊಡಗುತ್ತದೆ. ದೋಣಿಯನ್ನು ಟ್ರಾಲಿಗೆ ಬಿಗಿದು ಮೂತಿಯನ್ನು ಗಾಳಿಗೆ ತಿರುಗಿಸಿ ಎರಡೂ ಹಾಯಿ ಏರಿಸಿದರೆ, ಯಾವ ಹಗ್ಗ ಎಲ್ಲಿ ಉಜ್ಜುತ್ತದೆ, ಯಾವ ಗಂಟು ರಾಟೆಗೆ ಸಿಕ್ಕುತ್ತದೆ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಆದರೆ ಅದಕ್ಕೂ ಮುಂಚೆ ತಲೆಯೆತ್ತಿ ಮೇಲೆ ನೋಡಿ. ಅಲ್ಯೂಮಿನಿಯಂ ಕಂಬಕ್ಕೆ ವಿದ್ಯುತ್ ತಂತಿ ತಾಗಿದರೆ ಮುಂದೆ ಹೇಳುವುದೇನೂ ಉಳಿಯುವುದಿಲ್ಲ. ನಮ್ಮ ಊರಿನ ಹೊಳೆದಂಡೆಗಳಲ್ಲಿ ತಂತಿಗಳು ತೆಂಗಿನ ತೋಟದ ನಡುವೆ ಕಣ್ಣಿಗೆ ಬೀಳದಂತೆ ಹಾದುಹೋಗಿರುತ್ತವೆ. ನಾನು ದೋಣಿಯನ್ನು ತೆರೆದ ಮೈದಾನಕ್ಕೆ ತಳ್ಳಿಸಿಕೊಂಡು ಹೋಗಿಯೇ ಕಂಬ ಎಬ್ಬಿಸಿದ್ದು. ಈಗ ಅದು ಪಂಚಗಂಗಾವಳಿಯ ಅಗಲದಲ್ಲಿ, ಗಂಗೊಳ್ಳಿ ಅಳಿವೆಯ ಒಳಮಗ್ಗುಲಲ್ಲೇ ಓಡುತ್ತದೆ. ಅಳಿವೆಯ ಬಾಯಿ ಇಷ್ಟು ಚಿಕ್ಕ ದೋಣಿಗೆ ಹೇಳಿದ ಜಾಗವಲ್ಲ.

ಹಳೆಯ ಹಾಯಿದೋಣಿ ನೋಡಲು ಹೋಗುವವರು ಸಾಮಾನ್ಯವಾಗಿ ತಳ ಬಡಿದು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಫೈಬರಿನ ಬಿರುಕನ್ನು ಮುಚ್ಚುವ ಕೆಲಸಗಾರರು ಮಲ್ಪೆಯಿಂದ ಕಾರವಾರದವರೆಗೆ ಸಿಗುತ್ತಾರೆ. ಡೊಂಕಾದ ಕಂಬಕ್ಕೆ ಬದಲಿ ಕಂಬ ನಮ್ಮ ಕರಾವಳಿಯಲ್ಲಿ ಸಿಗುವುದು ಕಷ್ಟ. ಆದ್ದರಿಂದ ಮೊದಲು ಕಂಬವನ್ನು ಒಂದು ತುದಿಯಿಂದ ಕಣ್ಣಿಟ್ಟು ನೋಡಿ, ಆಮೇಲೆ ತಂತಿಗಳಿಗೆ ಬಟ್ಟೆ ಜಾರಿಸಿ ನೋಡಿ. ಸಾಧ್ಯವಾದರೆ ಮಾರುವವರ ಅಂಗಳದಲ್ಲೇ ಕಂಬ ಎಬ್ಬಿಸಿ, ಪ್ರತಿ ಗಂಟಿನ ಫೋಟೋ ತೆಗೆದುಕೊಂಡು, ಪ್ರತಿ ಹಗ್ಗಕ್ಕೂ ಚೀಟಿ ಕಟ್ಟಿ. ಹೊಸ ತಂತಿ ಕೂರುವವರೆಗೂ ಹಳೆಯದನ್ನು ಎಸೆಯಬೇಡಿ, ಅಳತೆಗೆ ಅದೇ ಬೇಕು.