ಮನೆಯಲ್ಲಿ ಬಾತುಕೋಳಿ ಮರಿಗಳ ಸಾಕಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ದನ, ಕುರಿ, ನಾಟಿಕೋಳಿಗಳ ಪಾಲನೆಯು ಎಲ್ಲರಿಗೂ ತಿಳಿದ ವಿಷಯವಷ್ಟೆ. ಬಾತುಕೋಳಿಯಾದರೋ ಇಲ್ಲಿನ ಅನೇಕ ಮನೆಗಳಿಗೆ ಹೊಸದು. ಮಕ್ಕಳ ಆಸೆಗಾಗಿಯೋ, ಮೊಟ್ಟೆಯ ಅಪೇಕ್ಷೆಯಿಂದಲೋ ನಾಲ್ಕಾರು ಮರಿಗಳನ್ನು ತಂದವರು, ಅದು ನೀರಿನ ಪಕ್ಷಿಯೆಂದು ತಿಳಿದು ಆ ದಿನವೇ ತೊಟ್ಟಿಗೆ ಬಿಡುವುದುಂಟು. ಮನೆಯಲ್ಲಿ ಮಿಕ್ಕ ಹಿಂಡಿ, ಕೆಟ್ಟ ಕೊಬ್ಬರಿಯ ಚೂರುಗಳನ್ನು ಮುಂದಿಡುವುದೂ ಉಂಟು. ಎಳೆಯ ಮರಿಗಳಿಗೆ ಇವೆರಡೂ ಮೃತ್ಯುಪ್ರಾಯವಾದುವು. ಇವುಗಳಿಂದ ಮರಿಗಳನ್ನು ಕಾಪಾಡುವುದು ಸಾಕುವವರ ಕೈಯಲ್ಲಿಯೇ ಇದೆ.

ಮರಿಗಳ ಸಂಪಾದನೆ:— ಮೊಟ್ಟೆಗಾಗಿ ಸಾಕುವವರಿಗೆ ಖಾಕಿ ಕ್ಯಾಂಬೆಲ್ ತಳಿಯು ಉತ್ತಮ. ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಕುಕ್ಕುಟಾಭಿವೃದ್ಧಿ ಸಂಸ್ಥೆಯು ಬಾತುಕೋಳಿಗಳ ತಳಿ ಅಭಿವೃದ್ಧಿಯನ್ನೂ ನಡೆಸುತ್ತ ಬಂದಿದೆ. ಒಂಟಿ ಮರಿಯು ಕೊರಗುವುದರಿಂದ ಮೂರಕ್ಕೆ ಕಡಿಮೆಯಿಲ್ಲದಂತೆ ತರತಕ್ಕದ್ದು. ಮೊಟ್ಟೆಗಳನ್ನೇ ತಂದು ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗೆ ಇಡುವುದಾದರೆ, ಒಂದು ಹೇಂಟೆಗೆ 8ರಿಂದ 10 ಮೊಟ್ಟೆಗಳು ಸಾಕು. ಕೋಳಿಯ ಮೊಟ್ಟೆಯು 21 ದಿನಗಳಲ್ಲಿ ಒಡೆದರೆ ಈ ತಳಿಯ ಬಾತಿನ ಮೊಟ್ಟೆಗೆ 28 ದಿನಗಳು ಬೇಕು. ಆದುದರಿಂದ ಹೇಂಟೆಯು ನಡುವೆ ಎದ್ದುಹೋಗದಂತೆ ಹತ್ತಿರದಲ್ಲಿಯೇ ಮೇವು ನೀರುಗಳನ್ನು ಒದಗಿಸತಕ್ಕದ್ದು.

ಕಾವು:— ಮೊದಲ ವಾರದಲ್ಲಿ ಮರಿಗಳ ಬಳಿ ಸುಮಾರು 32 ಡಿಗ್ರಿ ಸೆಂಟಿಗ್ರೇಡ್ ಶಾಖವಿರಬೇಕು; ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ತಗ್ಗಿಸಬಹುದು. ಹೆಗ್ಗಣ, ಬೆಕ್ಕು ನುಗ್ಗದ ಪೆಟ್ಟಿಗೆಯೊಂದರ ಒಂದು ಮೂಲೆಯ ಮೇಲೆ ವಿದ್ಯುದ್ದೀಪವನ್ನು ಭದ್ರವಾಗಿ ತೂಗುಹಾಕಿ, ಇನ್ನೊಂದು ಮೂಲೆಯನ್ನು ತಂಪಾಗಿ ಬಿಡುವುದು ಲೇಸು. ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡರೆ ಶಾಖ ಸಾಲದು. ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ಹೆಚ್ಚು. ನುಣುಪಾದ ನೆಲದಲ್ಲಿ ಕಾಲು ಜಾರಿ ಊನವಾಗುವುದರಿಂದ ಗೋಣಿತಾಟನ್ನಾಗಲಿ ಒಣಗಿದ ಭತ್ತದ ಹೊಟ್ಟನ್ನಾಗಲಿ ಹಾಸಿ, ತೇವವಾದೊಡನೆ ಬದಲಾಯಿಸತಕ್ಕದ್ದು.

ನೀರು:— ತಾಯಿಬಾತಿನೊಡನೆ ಬೆಳೆಯುವ ಮರಿಗೆ ತಾಯಿಯ ಗರಿಯ ಎಣ್ಣೆಯು ಅಂಟಿ ಮೈ ನೆನೆಯದಂತೆ ಕಾಯುತ್ತದೆ. ಹೇಂಟೆಯ ಅಥವಾ ದೀಪದ ಕಾವಿನಲ್ಲಿ ಬೆಳೆಯುವ ಮರಿಗೆ ಈ ರಕ್ಷಣೆಯಿಲ್ಲ. ಅದು ನೀರಿಗಿಳಿದರೆ ತುಪ್ಪುಳು ತೊಯ್ದು, ಚಳಿಹಿಡಿದು ಸಾಯುವುದು. ಗರಿ ಬಲಿಯುವವರೆಗೆ, ಎಂದರೆ ಸುಮಾರು 5 ವಾರಗಳ ಕಾಲ, ಈಜಲು ಬಿಡದಿರುವುದೇ ಕ್ಷೇಮ. ಕುಡಿಯುವ ನೀರಿಗೆ ಮಾತ್ರ ಎಂದಿಗೂ ಕೊರತೆಯಾಗಬಾರದು. ಕೊಕ್ಕು ಮತ್ತು ಮೂಗಿನ ರಂಧ್ರಗಳು ಮುಳುಗುವಷ್ಟು ನೀರುಳ್ಳ ತಟ್ಟೆಯ ನಡುವೆ ಬೆಣಚುಕಲ್ಲುಗಳನ್ನು ಇಟ್ಟರೆ ಮರಿಗಳು ಒಳಗಿಳಿಯಲಾರವು. ನೀರಿಲ್ಲದೆ ಒಣಹಿಟ್ಟನ್ನು ತಿಂದ ಮರಿಗೆ ಗಂಟಲು ಕಟ್ಟುವುದು.

ಆಹಾರ:— 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತುವು. ವಿಚಾರಿಸಲಾಗಿ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿದ್ದ ವಿಷವೇ ಕಾರಣವೆಂದು ತಿಳಿದುಬಂದಿತು. ಅಫ್ಲಾಟಾಕ್ಸಿನ್ ಎಂಬ ಈ ವಿಷಕ್ಕೆ ಬಾತಿನ ಮರಿಯು ಕೋಳಿಯ ಮರಿಗಿಂತ ಬಹಳ ಬೇಗ ತುತ್ತಾಗುತ್ತದೆ. ಬೇಯಿಸಿದರೂ ವಿಷವು ನಾಶವಾಗುವುದಿಲ್ಲ. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಸುಲಿದು ಒಡೆಯುವಾಗ ಬೇರೆಯಾಗುವ ಬೂಷ್ಟು ಹಿಡಿದ ಕೊಬ್ಬರಿಯನ್ನು, ಹಳೆಯ ಕೊಬ್ಬರಿ ಹಿಂಡಿಯನ್ನು, ಕಡಲೆಕಾಯಿ ಹಿಂಡಿಯನ್ನು ಮರಿಗಳಿಗೆ ಸರ್ವಥಾ ಹಾಕಕೂಡದು. ಮರಿಗಳಿಗಾಗಿಯೇ ತಯಾರಾದ, ಶೇಕಡ 20ರಷ್ಟು ಸಸಾರಜನಕವುಳ್ಳ ಹೊಸ ಆಹಾರವನ್ನು ನೀರಿನಲ್ಲಿ ಕಲಸಿ, ದಿನಕ್ಕೆ 4–5 ಬಾರಿ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಉಳಿದುದನ್ನು ಹುಳಿಯುವ ಮೊದಲೇ ತೆಗೆಯತಕ್ಕದ್ದು. ಕೋಳಿಮರಿಯ ಆಹಾರವನ್ನೇ ಕೊಡಬೇಕಾಗಿ ಬಂದರೆ, ಅದರಲ್ಲಿ ಬೆರೆತ ಔಷಧಗಳ ವಿಚಾರವಾಗಿ ಪಶುವೈದ್ಯರನ್ನು ಮೊದಲು ಕೇಳುವುದು ಅಗತ್ಯ. ಬಾತಿನ ಮರಿಗೆ ನಯಾಸಿನ್ ಎಂಬ ಜೀವಸತ್ತ್ವವು ಹೆಚ್ಚು ಬೇಕು. ಕಡಿಮೆಯಾದರೆ ಕಾಲು ಸೊಟ್ಟಗಾಗುವುದು. ಸ್ವಲ್ಪ ಈಸ್ಟನ್ನು ಬೆರೆಸಿದರೆ ಈ ಕೊರತೆಯು ನೀಗುವುದು.

ತೋಟಕ್ಕೆ ಬಿಡುವುದು:— ಗರಿ ಬಲಿತ ಮೇಲೆ ಹಗಲು ತೋಟದಲ್ಲಿ ಬಿಟ್ಟರೆ ಬಾತುಗಳು ಪಾತಿಗಳ ಬಸವನಹುಳುಗಳನ್ನೂ ಕೀಟಗಳನ್ನೂ ಹೆಕ್ಕಿ ತಿನ್ನುತ್ತವೆ. ಕೀಟನಾಶಕ ಹಾಕಿದ ತೋಟಕ್ಕೆ ಬಿಡಕೂಡದು. ಮುಂಗುಸಿ, ನಾಯಿ, ಕಾಡುಬೆಕ್ಕುಗಳ ಭಯವಿರುವುದರಿಂದ ಸಂಜೆಗೆ ಗೂಡಿಗೆ ಸೇರಿಸತಕ್ಕದ್ದು. ಊರಿನ ಕುಡಿಯುವ ನೀರಿನ ಕಟ್ಟೆಗೂ ಕಾಡುಬಾತುಗಳು ಬಂದಿಳಿಯುವ ಕೆರೆಗೂ ಬಿಡದಂತೆ ಗ್ರಾಮದ ಮುಖಂಡರು ನೋಡಿಕೊಳ್ಳಬೇಕು; ಮೊದಲನೆಯದು ಊರಿನ ಆರೋಗ್ಯಕ್ಕೂ ಎರಡನೆಯದು ಸಾಕಿದ ಹಕ್ಕಿಗಳಿಗೂ ಹಾನಿಕರ. ಬಾತಿನ ಪ್ಲೇಗು ರೋಗಕ್ಕೆ ಲಸಿಕೆ ಹಾಕಿಸುವ ಕಾಲವನ್ನು ಪಶುವೈದ್ಯರಿಂದ ತಿಳಿಯತಕ್ಕದ್ದು. ಮರಿಗಳನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈತೊಳೆಯುವ ಅಭ್ಯಾಸವೂ ಬೇಕು.

ಖಾಕಿ ಕ್ಯಾಂಬೆಲ್ ಹೆಣ್ಣು ಸುಮಾರು 5 ತಿಂಗಳಿಗೆ ಮೊಟ್ಟೆಯಿಡಲು ಆರಂಭಿಸುತ್ತದೆ. ಬೆಳಗಾಗುವ ಮುನ್ನವೇ ಇಡುವುದು ವಾಡಿಕೆಯಾದ್ದರಿಂದ ಬೆಳಿಗ್ಗೆ 8 ಗಂಟೆಯವರೆಗೆ ಗೂಡಿನಲ್ಲಿಯೇ ಇರಿಸಿದರೆ ಮೊಟ್ಟೆಗಳು ಪಾತಿಗಳಲ್ಲಿ ಕಳೆದುಹೋಗವು. ಮೊದಲ ಬಾರಿಗೆ ಸಾಕುವವರು ನಾಲ್ಕಾರು ಮರಿಗಳಿಂದ ತೊಡಗಿ, ಐದು ವಾರ ಬೆಚ್ಚಗೆ, ಒಣಗಿದ ಹಾಸಿನ ಮೇಲೆ, ಶುದ್ಧವಾದ ಆಹಾರದಿಂದ ಬೆಳೆಸಿ ಅನುಭವ ಪಡೆದ ಮೇಲೆ ಸಂಖ್ಯೆಯನ್ನು ಹೆಚ್ಚಿಸುವುದು ಯುಕ್ತ.