ಕರೆಸಿಕೊಳ್ಳುವಾಗ ಮರಳುವ ದಾರಿಯನ್ನೂ ಉಳಿಸಿ

ಟೊರಾಂಟೊ, ಡಲ್ಲಾಸ್, ಮೆಲ್ಬರ್ನ್ ಎಂದು ದೂರದೂರುಗಳಲ್ಲಿ ನೆಲೆ ಕಂಡುಕೊಂಡ ದಾವಣಗೆರೆ, ಹರಿಹರದ ಮಕ್ಕಳೇ, ಈ ಮಾತು ನಿಮಗೆ. "ಇಬ್ಬರೇ ಅಲ್ಲಿ ಯಾಕಿರಬೇಕು, ಇಲ್ಲಿಗೇ ಕರೆಸಿಕೊಂಡುಬಿಡೋಣ" ಎಂದು ನೀವು ಅಪ್ಪ-ಅಮ್ಮನ ಬಗ್ಗೆ ಯೋಚಿಸುತ್ತಿದ್ದೀರಿ. ಯೋಚನೆ ಒಳ್ಳೆಯದೇ. ನಾನು ನಿಮ್ಮ ಅಪ್ಪ-ಅಮ್ಮನ ವಾರಿಗೆಯವನು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಹಿರಿಯರ ಪಿಂಚಣಿ ಕಾಗದ, ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನು ನೋಡಿಕೊಡುತ್ತಾ ಬಂದಿದ್ದೇನೆ. ಹೋದವರನ್ನೂ ಕಂಡಿದ್ದೇನೆ, ಹೋಗಿ ಬಂದವರ ಮಾತನ್ನೂ ಕೇಳಿದ್ದೇನೆ. ಆ ಬಲದ ಮೇಲೆ ಹೇಳುತ್ತೇನೆ: ಅವರು ಅಲ್ಲಿಗೆ ಬರುವ ದಾರಿ ಮಾಡುವಾಗ, ಇಲ್ಲಿಗೆ ಮರಳುವ ದಾರಿಯನ್ನು ಮುಚ್ಚಬೇಡಿ.

ನಮ್ಮೂರುಗಳಿಗೆ ವಲಸೆ ಹೊಸದಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಾಗ ಹರಿಹರಕ್ಕೆ ಎಲ್ಲೆಲ್ಲಿಂದಲೋ ಸಂಸಾರಗಳು ಬಂದವು. ದಾವಣಗೆರೆಯ ಹತ್ತಿ ಗಿರಣಿಗಳೂ ಹಾಗೆಯೇ ಸುತ್ತಲ ಹಳ್ಳಿಗಳವರಿಗೆ ಅನ್ನ ಕೊಟ್ಟವು. ಹಾಗೆ ಬಂದವರು ಎರಡು ವರ್ಷ ಕಳೆದು ವಯಸ್ಸಾದ ತಾಯಿಯನ್ನೂ ಕರೆತಂದರು. ಬಸ್ಸಿನ ಟಿಕೆಟ್ ಬಿಟ್ಟು ಬೇರೇನೂ ಬೇಕಿರಲಿಲ್ಲ. ಆಮೇಲೆ ಗಿರಣಿ ನಿಂತವು, ಕಿರ್ಲೋಸ್ಕರ್ ಬಾಗಿಲು ಹಾಕಿತು. ಆ ಹೊತ್ತಿಗೆ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜುಗಳು, 1965ರ ಜೆಜೆಎಂ ಮೆಡಿಕಲ್ ಕಾಲೇಜು, 1979ರ ಬಿಐಇಟಿ, ನಿಮ್ಮನ್ನು ಓದಿಸಿ ಹೊರಗೆ ಕಳಿಸುತ್ತಿದ್ದವು. ಈಗ ನೀವು ತಾಯಿಯನ್ನು ಕರೆತರಬೇಕೆಂದರೆ ಎರಡು ದೇಶಗಳ ಕಾನೂನು ದಾಟಬೇಕು.

ಆ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಿಂದ ಶುರು ಮಾಡೋಣ. ಅಲ್ಲಿ ನಿವೃತ್ತರಿಗೆಂದೇ ಒಂದು ವೀಸಾ ಇಲ್ಲ. ಇರುವುದು ವಿಸಿಟರ್ ವೀಸಾ ಅಥವಾ ಗ್ರೀನ್ ಕಾರ್ಡ್. ವಿಸಿಟರ್ ವೀಸಾ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ. ಹಾಗೆಂದು 10 ವರ್ಷ ಇರಬಹುದು ಎಂದಲ್ಲ. ಒಂದು ಸಲ ಇಳಿದರೆ ಎಷ್ಟು ದಿನ ಇರಬಹುದೆಂದು ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾನೆ, ಸಾಮಾನ್ಯವಾಗಿ 6 ತಿಂಗಳು. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅಪ್ಪ-ಅಮ್ಮ ಇಳಿದ ವಾರವೇ ಅದನ್ನು ತೆಗೆದು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ 10 ವರ್ಷ ಮತ್ತೆ ಒಳಗೆ ಬಿಡುವುದಿಲ್ಲ. ಮೊಮ್ಮಗಳ ಹುಟ್ಟುಹಬ್ಬ ಮುಗಿಸಿಕೊಂಡು ಹೋಗಲಿ ಎಂದು ಉದಾಸೀನ ಮಾಡುವ ವಿಷಯ ಇದಲ್ಲ.

ಗ್ರೀನ್ ಕಾರ್ಡ್ ಬೇಕೆಂದರೆ ಮಗನೋ ಮಗಳೋ ಅಮೆರಿಕದ ಪ್ರಜೆಯಾಗಿರಬೇಕು, 21 ತುಂಬಿರಬೇಕು. ಬರೀ ಗ್ರೀನ್ ಕಾರ್ಡ್ ಇದ್ದವರು ತಂದೆ-ತಾಯಿಗೆ ಅರ್ಜಿ ಹಾಕಲು ಬರುವುದಿಲ್ಲ. ಪ್ರಜೆಗಳ ತಂದೆ-ತಾಯಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ, ಹಾಗಾಗಿ ಎಷ್ಟೋ ಜನ "ಸಿಗುತ್ತಲ್ಲ, ಮಾಡಿಸಿಬಿಡೋಣ" ಎನ್ನುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಗ್ರೀನ್ ಕಾರ್ಡ್ ಅಂದರೆ ಅಲ್ಲಿಯೇ ವಾಸ ಎಂದು ಒಪ್ಪಿಕೊಂಡಂತೆ. ಮೊದಲೇ ಅನುಮತಿ ಪತ್ರ ಪಡೆಯದೆ ಒಂದು ವರ್ಷ ದಾವಣಗೆರೆಯಲ್ಲಿ ಉಳಿದರೆ ಕಾರ್ಡು ಕೈಬಿಡಬಹುದು. 6 ತಿಂಗಳು ಮೀರಿದರೇ ಪ್ರಶ್ನೆ ಶುರು. ಇಲ್ಲಿನ ಮನೆ ಬಾಡಿಗೆ, ಠೇವಣಿಯ ಬಡ್ಡಿ ಎಲ್ಲವನ್ನೂ ಅಮೆರಿಕದ ತೆರಿಗೆ ಇಲಾಖೆಗೆ ತೋರಿಸಬೇಕು. ಇಲ್ಲಿನ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದ್ದರೆ ಅದಕ್ಕೆ ಬೇರೆಯೇ ವರದಿ. 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಸಿಗುತ್ತದಂತೆ ಎಂದು ನಂಬಿಕೊಂಡು ಹೋಗುತ್ತಾರೆ. ಹಾಗೆ ಹೋದವರಿಗೆ 5 ವರ್ಷ ಅಲ್ಲಿ ನಿರಂತರವಾಗಿ ವಾಸಿಸಿದ ಮೇಲಷ್ಟೇ ಅದಕ್ಕೆ ದುಡ್ಡು ಕಟ್ಟಿ ಸೇರಲು ಅವಕಾಶ. ವರ್ಷದಲ್ಲಿ ಎಂಟು ತಿಂಗಳು ಊರಲ್ಲಿರಬೇಕು ಎನ್ನುವ ಅಪ್ಪನಿಗೆ ಈ ಕಾರ್ಡು ಅನುಕೂಲಕ್ಕಿಂತ ಕಟ್ಟುಪಾಡೇ ಹೆಚ್ಚು.

ನನ್ನ ಅರಿವಿನಲ್ಲಿ ನಮ್ಮ ಹಿರಿಯರ ಜೀವನಕ್ಕೆ ಹೆಚ್ಚು ಒಗ್ಗುವುದು ಕೆನಡಾದ ಸೂಪರ್ ವೀಸಾ. 2011ರ ಡಿಸೆಂಬರಿನಲ್ಲಿ ಶುರುವಾದಾಗ ಒಂದು ಸಲಕ್ಕೆ 2 ವರ್ಷ ಇರಬಹುದಿತ್ತು. 2022ರ ಜುಲೈನಿಂದ 5 ವರ್ಷ. ವೀಸಾ 10 ವರ್ಷದವರೆಗೆ ಸಿಗುತ್ತದೆ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಬೇಡವೆನಿಸಿದ ದಿನ ಹೊರಟು ಬಂದರೂ ಏನೂ ಕಳೆದುಕೊಳ್ಳುವುದಿಲ್ಲ. ಮಕ್ಕಳು ಅಥವಾ ಮೊಮ್ಮಕ್ಕಳು ಆಹ್ವಾನ ಪತ್ರ ಬರೆದು, ನಿಗದಿತ ಆದಾಯ ತೋರಿಸಬೇಕು. ಹಿರಿಯರಿಗೆ ವೈದ್ಯಕೀಯ ತಪಾಸಣೆ ಆಗಬೇಕು. ಕನಿಷ್ಠ ಒಂದು ವರ್ಷಕ್ಕೆ, 1 ಲಕ್ಷ ಕೆನಡಾ ಡಾಲರಿಗೆ ಕಡಿಮೆಯಿಲ್ಲದ ವಿಮೆ ಇರಬೇಕು. ವಿಮೆಯ ಕಂತು ವಯಸ್ಸಿನ ಜೊತೆ ಏರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ.

ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಪೇರೆಂಟ್ ವೀಸಾದ ಸಾಲು 30 ವರ್ಷಕ್ಕೂ ಉದ್ದ ಎಂದು ಅಲ್ಲಿನ ಇಲಾಖೆಯೇ ಹೇಳುತ್ತದೆ. 65 ದಾಟಿದವರಿಗೆ ಅದರಿಂದೇನು ಪ್ರಯೋಜನ? ದೊಡ್ಡ ಮೊತ್ತ ಕಟ್ಟುವ ಇನ್ನೊಂದು ದಾರಿಯಲ್ಲೂ ವರ್ಷಗಟ್ಟಲೆ ಕಾಯಬೇಕು. 2019ರಲ್ಲಿ ಬಂದ 870 ಎಂಬ ತಾತ್ಕಾಲಿಕ ವೀಸಾ 3 ಅಥವಾ 5 ವರ್ಷಕ್ಕೆ ಸಿಗುತ್ತದೆ, ಒಟ್ಟು 10 ವರ್ಷ ಮೀರುವಂತಿಲ್ಲ. ಇಂಗ್ಲೆಂಡಿನದು ಇನ್ನೂ ಬಿಗಿ. ಸ್ವಂತ ಆದಾಯವಿರುವ ನಿವೃತ್ತರಿಗಿದ್ದ ವೀಸಾವನ್ನು 2008ರಲ್ಲೇ ನಿಲ್ಲಿಸಿದರು. 2012ರ ಜುಲೈನಿಂದ, ಸ್ನಾನ, ಊಟ, ಬಟ್ಟೆಗೂ ಇನ್ನೊಬ್ಬರ ಆಸರೆ ಬೇಕಾಗಿ, ಆ ಆಸರೆ ದುಡ್ಡು ಕೊಟ್ಟರೂ ಊರಿನಲ್ಲಿ ಸಿಗುವುದಿಲ್ಲ ಎಂದು ರುಜುವಾತು ಮಾಡಿದ ತಂದೆ-ತಾಯಿಗಷ್ಟೇ ಅಲ್ಲಿ ನೆಲೆಸಲು ಬಿಡುತ್ತಾರೆ. ಇಷ್ಟೊಂದು ಆಸ್ಪತ್ರೆಗಳಿರುವ ದಾವಣಗೆರೆಯಿಂದ ಅದನ್ನು ಸಾಧಿಸಿ ತೋರಿಸುವುದು ಕಷ್ಟ. ಜರ್ಮನಿ, 2024ರ ಮಾರ್ಚ್ 1ರಿಂದೀಚೆಗೆ ಮೊದಲ ಸಲ ವಾಸದ ಪರವಾನಗಿ ಪಡೆದ ಕುಶಲ ಕೆಲಸಗಾರರಿಗೆ ತಂದೆ-ತಾಯಿಯನ್ನು ಕರೆಸಿಕೊಳ್ಳಲು ಬಿಟ್ಟಿದೆ; ಅವರ ಖರ್ಚು, ಆರೋಗ್ಯ ವಿಮೆ ಎರಡೂ ಮಕ್ಕಳ ಹೊಣೆ. ದುಬೈನಲ್ಲಿ 55 ದಾಟಿದ ನಿವೃತ್ತರಿಗೆ 5 ವರ್ಷದ ವೀಸಾ, ಥಾಯ್ಲೆಂಡಿನಲ್ಲಿ 50 ದಾಟಿದವರಿಗೆ ವರ್ಷದ ವೀಸಾ ಇವೆ. ದುಬೈ 10 ಲಕ್ಷ ದಿರ್ಹಮ್‌ನ ಆಸ್ತಿ, ಉಳಿತಾಯ ಇಲ್ಲವೆ ದೊಡ್ಡ ಮಾಸಿಕ ಆದಾಯ ಕೇಳುತ್ತದೆ. ಥಾಯ್ಲೆಂಡ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಅಥವಾ ಅದಕ್ಕೆ ಸಮನಾದ ಆದಾಯ ಕೇಳುತ್ತದೆ. ಇವು ಹಣವಂತರಿಗೆ. ಕಾರ್ಖಾನೆಯಿಂದ ನಿವೃತ್ತರಾಗಿ ಭವಿಷ್ಯ ನಿಧಿಯ ಪಿಂಚಣಿ ನಂಬಿಕೊಂಡವರಿಗೆ, ಅಂದರೆ ತಿಂಗಳಿಗೆ 1,000 ರೂಪಾಯಿ ಕನಿಷ್ಠ ಎಂದು ಸರ್ಕಾರ ನಿಗದಿ ಮಾಡಿದ ಪಿಂಚಣಿಯವರಿಗೆ, ಆ ಮಾತು ಬೇಡ. ಎಲ್ಲ ದೇಶದ ನಿಯಮಗಳೂ ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವಾರ ಆಯಾ ಸರ್ಕಾರದ ಜಾಲತಾಣವನ್ನೇ ನೋಡಿ. ಏಜೆಂಟನ ಬಾಯಿಮಾತಿನ ಮೇಲೆ ದುಡ್ಡು ಕಟ್ಟಬೇಡಿ.

ಈಗ ಕಾಗದದ ಮಾತು. ಹೆಚ್ಚಿನ ಅರ್ಜಿಗಳು ತಡವರಿಸುವುದು ಇಲ್ಲೇ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರ ಜನನ ಪತ್ರ ಎಲ್ಲಿ ಸಿಗಬೇಕು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದೇ ಹುಟ್ಟಿದ ದಿನ. ಹೆಸರಿನದು ಮತ್ತೊಂದು ಪಾಡು: ಅಂಕಪಟ್ಟಿಯಲ್ಲಿ ಬಸವರಾಜಪ್ಪ ಎಚ್., ಆಧಾರ್‌ನಲ್ಲಿ ಬಸವರಾಜ್, ಪಹಣಿಯಲ್ಲಿ ಬಸಪ್ಪ ಬಿನ್ ಹಾಲಪ್ಪ. ಅಮ್ಮನಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಊರು ಹರಿಹರವೇ ಆದರೂ 1997ಕ್ಕೆ ಹಿಂದಿನ ಕಾಗದದಲ್ಲಿ ಚಿತ್ರದುರ್ಗ ಜಿಲ್ಲೆ, ಈಚಿನದರಲ್ಲಿ ದಾವಣಗೆರೆ ಜಿಲ್ಲೆ. ಇದೆಲ್ಲ ಒಬ್ಬರದೇ ಎಂದು ಸಾಗರದಾಚೆ ಕುಳಿತ ಅಧಿಕಾರಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಅವಸರ ಬೀಳುವ ಮುನ್ನವೇ ಎಲ್ಲ ಕಡೆ ಒಂದೇ ಹೆಸರು, ಒಂದೇ ತಾರೀಖು ಮಾಡಿಸಿ. ಜನನದ ದಾಖಲೆ ಇಲ್ಲವೆಂದು ನೋಂದಣಿ ಅಧಿಕಾರಿಯಿಂದ ಬರೆಸಿಕೊಳ್ಳಿ, ಹುಟ್ಟನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಪ್ರಮಾಣಪತ್ರ ಮಾಡಿಸಿಡಿ. ತಂದೆಯ ಗ್ರೀನ್ ಕಾರ್ಡಿಗೆ ನಿಮ್ಮ ತಂದೆ-ತಾಯಿಯ ಮದುವೆ ದಾಖಲೆಯೂ ಬೇಕು. ನಮ್ಮ ಕಾಲದಲ್ಲಿ ಮದುವೆ ನೋಂದಣಿ ಮಾಡಿಸಿದವರು ಕಡಿಮೆ. ಲಗ್ನಪತ್ರಿಕೆ, ಹಳೆಯ ಫೋಟೊ, ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಈಗಲೂ ಮಾಡಿಸಬಹುದು.

ವಿಮೆಯ ಕಾಗದವನ್ನು ಪೂರ್ತಿ ಓದಿ. ಪ್ರವಾಸಿಗರ ವಿಮೆಗಳಲ್ಲಿ ಹೆಚ್ಚಿನವು ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಖರ್ಚನ್ನು ಕೊಡುವುದಿಲ್ಲ, ಕೊಟ್ಟರೂ ಮಿತಿಯಲ್ಲಿ ಕೊಡುತ್ತವೆ. ಕಡಿಮೆ ಬೆಲೆ ನೋಡಿ ಕೊಂಡರೆ ಒಂದು ರಾತ್ರಿಯ ಆಸ್ಪತ್ರೆ ವಾಸ ನಿಮ್ಮ ವರ್ಷದ ಉಳಿತಾಯವನ್ನೇ ನುಂಗಬಹುದು. ಪಾರ್ಥಿವ ಶರೀರವನ್ನು ಊರಿಗೆ ತರುವ ಖರ್ಚು ವಿಮೆಯಲ್ಲಿದೆಯೇ ಎಂದೂ ನೋಡಿ. ಈ ಮಾತಾಡಲು ನಿಮಗೆ ಸಂಕೋಚವಾದೀತು, ನಮಗಿಲ್ಲ. ಮಣ್ಣು ಎಲ್ಲಿ ಆಗಬೇಕು ಎಂದು ನಿಮ್ಮ ಅಪ್ಪ ಎಂದೋ ಯೋಚಿಸಿಟ್ಟಿರುತ್ತಾರೆ. ಕೇಳಿದರೆ ಹೇಳುತ್ತಾರೆ.

ವೀಸಾದ ಕಾಗದದಲ್ಲಿ ಬರೆಯದ ಒಂದು ಸಂಗತಿಯಿದೆ: ಅವರ ದಿನ. ಇಲ್ಲಿ ನಿಮ್ಮಪ್ಪ ಬೆಳಕು ಹರಿಯುವಾಗ ಕುಂದುವಾಡ ಕೆರೆಯ ಏರಿ ಮೇಲೆ ನಾಲ್ಕು ಜನರೊಂದಿಗೆ ನಡೆದು ಬರುತ್ತಾರೆ. ಪೇಪರ್ ಓದಿ ಬ್ಯಾಂಕಿಗೆ ತಾವೇ ಹೋಗುತ್ತಾರೆ. ಅಮ್ಮ ತಳ್ಳುಗಾಡಿಯವನೊಂದಿಗೆ ಮೆಂತ್ಯೆಸೊಪ್ಪಿಗೆ ಚೌಕಾಸಿ ಮಾಡುತ್ತಾರೆ, ಸಂಜೆ ದುಗ್ಗಮ್ಮನ ಗುಡಿಗೆ ಹೋಗುತ್ತಾರೆ. ಹರಿಹರದವರಾದರೆ ಹರಿಹರೇಶ್ವರನ ಗುಡಿ, ಆಮೇಲೆ ಹೊಳೆಯ ದಡ. ಅಲ್ಲಿ ನೀವಿಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರರವರೆಗೆ ಬಾಗಿಲು ಹಾಕಿದ ಮನೆ, ಹೊರಗೆ ಹಿಮ. ಕಾರು ಓಡಿಸಲು ಬಾರದವರಿಗೆ ಒಂದು ಅಂಗಡಿಗೂ ಹೋಗಲಾಗದು. ಹೋಗಿ ಬಂದ ನೆರೆಯಾಕೆ ಹೇಳಿದ್ದು ಇಷ್ಟೇ: "ಮಗ ಸೊಸೆ ಚೆನ್ನಾಗೇ ನೋಡ್ಕಂಡ್ರು. ಆದ್ರೆ ದಿನಾ ಮಾತಾಡಾಕೆ ಯಾರೂ ಇರ್ಲಿಲ್ಲ ನೋಡ್ರಿ."

ಅದಕ್ಕೇ ಮೊದಲ ಸಲ ಎರಡು-ಮೂರು ತಿಂಗಳಿಗೆ ಮಾತ್ರ ಕರೆಸಿ, ಬೇಸಿಗೆಯಲ್ಲಿ ಕರೆಸಿ. ಮನೆಯ ಹತ್ತಿರ ನಡೆದು ಹೋಗಬಹುದಾದ ಪಾರ್ಕು, ಕನ್ನಡ ಸಂಘ, ಗುಡಿ ತೋರಿಸಿ. ಮಗು ನೋಡಿಕೊಳ್ಳುವವರು ಸಿಗಲಿಲ್ಲವೆಂಬ ಕಾರಣಕ್ಕೇ ಅವರನ್ನು ಕರೆಸಬೇಡಿ. ಮೊಮ್ಮಗುವನ್ನು ಎತ್ತಿ ಆಡಿಸುವ ಆಸೆ ಅವರಿಗೂ ಇದೆ, ಆದರೆ ದಿನಕ್ಕೆ ಹತ್ತು ಗಂಟೆಯ ದುಡಿಮೆಗೆ ಎಪ್ಪತ್ತರ ಸೊಂಟ ತಡೆಯುವುದಿಲ್ಲ. ವೀಸಾ ಸಂದರ್ಶನದಲ್ಲಿ ಸುಳ್ಳು ಹೇಳಲು ಅವರಿಗೆ ಕಲಿಸಬೇಡಿ. ಮಗಳೇ, ನೀನೂ ಕೇಳು: ಅಮೆರಿಕ, ಕೆನಡಾದ ಕಾನೂನಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅಳಿಯನ ಮನೆಯಲ್ಲಿ ಉಳಿಯಲು ಅಪ್ಪ ಹಿಂಜರಿದರೆ ಅಳಿಯನೇ ಫೋನ್ ಮಾಡಿ ಕರೆಯಲಿ.

ಇಲ್ಲಿನ ಮನೆಯನ್ನು ಮಾರಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮನೆ ಮಾರಿ ಹೋದವರಿಗೆ ಅಲ್ಲಿ ಒಗ್ಗದಿದ್ದರೆ, ಬಾಯಿಬಿಟ್ಟು ಹೇಳಲೂ ಆಗುವುದಿಲ್ಲ. ಮನೆ ಅವರ ಹೆಸರಿನಲ್ಲೇ ಇರಲಿ, ಒಂದು ಕೀಲಿ ನಂಬಿಕಸ್ತ ನೆಂಟರ ಬಳಿ ಇರಲಿ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಅದನ್ನು ಡಿಜಿಟಲ್ ಆಗಿ ಕೊಡುವ ಜೀವನ್ ಪ್ರಮಾಣ್ 2014ರಿಂದ ಇದೆ, ವಿದೇಶದಲ್ಲಿರುವಾಗ ಹೇಗೆ ಕೊಡಬೇಕೆಂದು ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ನೆಲೆಸಲೆಂದೇ ಹೋಗುವುದಾದರೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಭದ್ರಾ ನಾಲೆಯ ಗದ್ದೆಯನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು. ನೀವು ಆ ದೇಶದ ಪ್ರಜೆಯಾಗಿದ್ದರೆ ಒಸಿಐ ಕಾರ್ಡು ಮಾಡಿಸಿಕೊಂಡಿರುತ್ತೀರಿ. ಜೀವನಪೂರ್ತಿ ಎಷ್ಟು ಸಲ ಬೇಕಾದರೂ ಭಾರತಕ್ಕೆ ಬಂದು, ಎಷ್ಟು ದಿನ ಬೇಕಾದರೂ ಇರುವ ಅನುಮತಿ ಅದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಅದೂ ಬೇಕಿಲ್ಲ. ಮಂಡಿ ನೋಯುವ ಅಮ್ಮ ಚೆನ್ನೈಗೋ ಹೈದರಾಬಾದಿಗೋ ಸಂದರ್ಶನಕ್ಕೆ ಹೋಗಿ, ಬೆರಳಚ್ಚು ಕೊಟ್ಟು, ವಿಮೆ ಕಟ್ಟಿಸಿಕೊಂಡು, ಇಪ್ಪತ್ತು ಗಂಟೆ ವಿಮಾನದಲ್ಲಿ ಕುಳಿತು 6 ತಿಂಗಳ ಅನುಮತಿ ಪಡೆಯುತ್ತಾಳೆ. ಮನೆಯಲ್ಲಿ ಎಲ್ಲರಿಗಿಂತ ಸುಲಭದ ಅನುಮತಿ ನಿಮ್ಮ ಕೈಯಲ್ಲಿದೆ. ಮನೆಯಿಂದಲೇ ಕೆಲಸ ಮಾಡಲು ಕಂಪನಿ ಬಿಟ್ಟರೆ ಎರಡು ತಿಂಗಳು ಇಲ್ಲಿಂದಲೇ ಮಾಡಿ. ಮಕ್ಕಳ ಬೇಸಿಗೆ ರಜೆಯನ್ನು ಇಲ್ಲಿಗೆ ಇಡಿ. ಅಣ್ಣ ಒಂದು ವರ್ಷ, ತಂಗಿ ಮತ್ತೊಂದು ವರ್ಷ ಎಂದು ಪಾಳಿ ಹಾಕಿಕೊಳ್ಳಿ.

ಯಾವ ವೀಸಾ ಎಂದು ತೀರ್ಮಾನಿಸುವ ಮೊದಲು ಅಪ್ಪ-ಅಮ್ಮನನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಜೊತೆಯಲ್ಲಿ ಕೇಳಿದರೆ ಒಬ್ಬರಿಗಾಗಿ ಇನ್ನೊಬ್ಬರು ಹೂಂ ಎನ್ನುತ್ತಾರೆ. ಬರುತ್ತೇವೆ ಎಂದರೆ ಕಾಗದ ಸರಿಮಾಡಿ, ಹೋಗಿ ಬರಲು ಅಡ್ಡಿಯಿಲ್ಲದ ವೀಸಾ ಆರಿಸಿ. ಇಲ್ಲೇ ಇರುತ್ತೇವೆ ಎಂದರೆ ಅದನ್ನು ಹಟ ಎಂದುಕೊಳ್ಳಬೇಡಿ, ಅವರ ಮಾತಿಗೆ ಬೆಲೆ ಕೊಟ್ಟು ಇಲ್ಲಿಯ ವ್ಯವಸ್ಥೆ ಗಟ್ಟಿ ಮಾಡಿ. ಎರಡರಲ್ಲಿ ಯಾವುದನ್ನು ಮಾಡಿದರೂ ನೀವು ಮಕ್ಕಳ ಕರ್ತವ್ಯ ಮಾಡಿದಂತೆಯೇ.