ಕಳೆ ಕೀಳುವವರನ್ನೂ ಲೆಕ್ಕಕ್ಕೆ ತಗೋ

ಮಗಾ, ಬೆಂಗಳೂರಿನ ಕೆಲಸ ಬಿಟ್ಟು ಬಂದು, ಹೊಲಕ್ಕೆ ವಿಷ ಹಾಕುವುದಿಲ್ಲ ಎಂದು ನೀನು ಹಟ ಹಿಡಿದಿರುವುದು ನಿಮ್ಮಪ್ಪನಿಗೆ ಚಿಂತೆ, ನನಗೆ ಸಂತೋಷ. ಎಕರೆಗೆ ಜೀವಾಮೃತ ಎಷ್ಟು ಎಂಬುದು ನಿನಗಾಗಲೇ ಬಾಯಿಪಾಠ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಳ, ಬೆಲ್ಲ, ಕಾಳಿನ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಆ ಪೀಪಾಯಿಗೆ ನೀರು ಹೊರುವವರು ಯಾರು, ಸಗಣಿ ಬಾಚುವವರು ಯಾರು? ನಿನ್ನ ಡೈರಿಯಲ್ಲಿ ಅದು ಕಾಣಲಿಲ್ಲ. ನಿನ್ನ ದೊಡ್ಡಮ್ಮನ ತಕರಾರು ಅಷ್ಟೇ.

ಕಳೆನಾಶಕವನ್ನೇ ತಗೋ. ನಮ್ಮ ರಾಗಿ ಹೊಲದಲ್ಲಿ ಮೊದಲು ಅಕ್ಕಡಿ ಸಾಲು ಇರುತ್ತಿತ್ತು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿಯನ್ನು ಬಿಟ್ಟು ಅಗಲ ಎಲೆಯ ಕಳೆಯನ್ನಷ್ಟೇ ಸುಡುತ್ತದೆ ಎಂದು ಔಷಧಿ ತಂದರು. ಅವರೆಯದೂ ಅಗಲ ಎಲೆಯೇ ಅಲ್ಲವೇ, ಅದೂ ಸುಟ್ಟಿತು. ಉಳಿದಿದ್ದ ಸಾಲು ಕೊಯ್ಯುವ ಯಂತ್ರಕ್ಕೆ ಅಡ್ಡ ಎಂದು ಹೋಯಿತು. ಈಗ ಹೊಲದ ತುಂಬ ರಾಗಿ, ಬೇಳೆ ಮಾತ್ರ ಅಂಗಡಿಯದು. ಈ ನಷ್ಟವನ್ನು ಯಾರೂ ಬರೆದಿಡಲಿಲ್ಲ. ಅಕ್ಕಡಿಯ ಕಾಳು ಮಂಡಿಗೆ ಹೋಗುತ್ತಿದ್ದದ್ದೇ ಅಪರೂಪ, ಅಡುಗೆಮನೆಯ ಗಡಿಗೆ ಸೇರುತ್ತಿತ್ತು. ಮಿಕ್ಕ ಎರಡು ಮೂರು ಸೇರನ್ನು ಹೆಂಗಸರು ಸಂತೆಯಲ್ಲಿ ಮಾರಿ, ಯಾರನ್ನೂ ಕೇಳದೆ ಖರ್ಚು ಮಾಡುವಷ್ಟು ಕಾಸು ಇಟ್ಟುಕೊಳ್ಳುತ್ತಿದ್ದರು.

ಹುಲ್ಲಿನ ಮಾತೂ ಇದೆ. ಹೊಲ ಇಲ್ಲದ ಮನೆಯ ಹೆಂಗಸರು ಕಳೆ ಕೀಳಲು ಬಂದಾಗ ಕೂಲಿಯ ಜೊತೆ ಕಿತ್ತ ಕಳೆಯನ್ನೂ ಹೊರೆ ಕಟ್ಟಿ ಒಯ್ಯುತ್ತಿದ್ದರು. ಅವರ ಮೇಕೆಗೆ, ಎಮ್ಮೆಗೆ ಅದೇ ಮೇವು. ಔಷಧಿ ಹೊಡೆದ ಬದುವಿನ ಹುಲ್ಲನ್ನು ಯಾರು ಮುಟ್ಟುತ್ತಾರೆ? ಸ್ಪ್ರೇಯರ್ ಹೊತ್ತ ಒಬ್ಬ ಆಳು ಒಂದು ಬೆಳಿಗ್ಗೆಯಲ್ಲಿ ಅವರ ಕೂಲಿಯನ್ನೂ ಎಮ್ಮೆಯ ಮೇವನ್ನೂ ಮುಗಿಸಿಬಿಡುತ್ತಾನೆ.

ನೀನು ಔಷಧಿ ಬಿಟ್ಟರೆ ಎರಡೂ ಊರಿಗೆ ವಾಪಸು ಬರುತ್ತವೆ. ಆದರೆ ಕೂಲಿ ನಿನ್ನ ಜೇಬಿನಿಂದ ಹೋಗಬೇಕು, ತಿಳೀತಾ? ‘ಮನೆಯವರೇ ಕಿತ್ಕೋತಾರೆ, ಖರ್ಚಿಲ್ಲ’ ಎಂದು ಬರೆದುಕೊಳ್ಳುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಅಂಥ ಮನೆಯಲ್ಲಿ ಸಾವಯವ ಅಂದರೆ ಸೊಸೆಯ ಸೊಂಟ ಮುರಿಯುವ ಕೆಲಸ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತು, ಹೊತ್ತಿಗೆ ಸರಿಯಾಗಿ ಎಡೆಕುಂಟೆ ಹೊಡೆಸು, ಬಹುಪಾಲು ಕಳೆ ಅಲ್ಲೇ ತೀರುತ್ತದೆ. ಉಳಿದದ್ದಕ್ಕೆ ಆಳು ಕರೆ, ಮನೆಯವರು ಇಳಿದರೂ ಆಳಿನ ದರದಲ್ಲೇ ಬರೆದುಕೋ.

ಗೊಬ್ಬರದಂಗಡಿಯವನನ್ನು ಬೈಯುವುದು ನಿನಗೆ ಅಭ್ಯಾಸವಾಗಿದೆ. ಸ್ವಲ್ಪ ತಡಿ. ಅವನು ಬರೀ ಯೂರಿಯಾ ಮಾರುವವನಲ್ಲ. ಮುಂಗಾರಿಗೆ ಬೀಜ ಗೊಬ್ಬರ ಸಾಲ ಕೊಡುವವನು ಅವನು, ರಾತ್ರಿ ಆಸ್ಪತ್ರೆಗೆ ಹೋಗುವವರಿಗೆ ಕೈಗೆ ದುಡ್ಡಿಡುವವನೂ ಅವನೇ, ಸುಗ್ಗಿಯಲ್ಲಿ ಫಸಲು ತೂಗಿಸಿಕೊಂಡು ಬಡ್ಡಿ ಸಮೇತ ಮುರಿದುಕೊಳ್ಳುವವನೂ ಅವನೇ. ಗೊಬ್ಬರ ಕೊಳ್ಳುವುದು ನಿಂತರೆ ಆ ಕೈಸಾಲವೂ ನಿಲ್ಲುತ್ತದೆ. ಬ್ಯಾಂಕಿನಲ್ಲಿ ನಾಲ್ಕು ಕಾಸಿರುವ ನಿನಗೆ ಅದು ಗೊತ್ತಾಗುವುದಿಲ್ಲ, ನಿನ್ನ ಮಾತು ಕೇಳಿ ಹಿಂದೆ ಬಂದ ಬಡವನಿಗೆ ಗೊತ್ತಾಗುತ್ತದೆ. ಅದಕ್ಕೇ ಸಂಘ ಕಟ್ಟುವುದಾದರೆ ಮೊದಲು ಉಳಿತಾಯದ ಪೆಟ್ಟಿಗೆ ಇಡು, ಬೋರ್ಡು ಆಮೇಲೆ ಬರೆಸು.

ಒಂದೇ ಸಲಕ್ಕೆ ಎಲ್ಲ ಬಿಡಿಸಬೇಕೆಂಬ ಆತುರವೂ ಬೇಡ. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರ ತರಿಸಿಕೊಳ್ಳುವುದನ್ನೇ ಸರ್ಕಾರ ನಿಲ್ಲಿಸಿತು. ಅಷ್ಟು ಕಾಂಪೋಸ್ಟ್ ದೇಶದಲ್ಲಿ ಇರಲಿಲ್ಲ. ರೈತರು ಬೀದಿಗಿಳಿದರು, ಅದೇ ವರ್ಷದ ನವೆಂಬರಿನಲ್ಲಿ ಆಜ್ಞೆ ಹಿಂದೆ ಹೋಯಿತು, ಅಷ್ಟರಲ್ಲಿ ಭತ್ತಕ್ಕೂ ಚಹಾಕ್ಕೂ ಪೆಟ್ಟು ಬಿದ್ದಾಗಿತ್ತು. ಸಿಕ್ಕಿಂ 2003ರಲ್ಲಿ ಹೊರಟು 2016ಕ್ಕೆ ಪೂರ್ತಿ ಸಾವಯವ ರಾಜ್ಯ ಎನ್ನಿಸಿಕೊಂಡಿತು. ನಮ್ಮ ಕರ್ನಾಟಕವೂ 2004ರಲ್ಲೇ ಸಾವಯವ ಕೃಷಿ ನೀತಿ ತಂದಿದೆ. ಹಾಗೆಂದು ಊರಿನ ಗೊಬ್ಬರದಂಗಡಿಯೇನೂ ಮುಚ್ಚಿಲ್ಲ, 45 ಕೆಜಿ ಯೂರಿಯಾ ಮೂಟೆ ಇವತ್ತೂ 270 ರೂಪಾಯಿಯೊಳಗೆ ಸಿಗುತ್ತದೆ. ಅಷ್ಟು ಅಗ್ಗದ ಮೂಟೆಯ ಎದುರು ತಿಪ್ಪೆಗೊಬ್ಬರ ನಿಲ್ಲಬೇಕು, ಅದೂ ಎತ್ತು ಮಾರಿ ಟ್ರ್ಯಾಕ್ಟರ್ ತಂದ ಊರಿನಲ್ಲಿ. ನೀನು ಕೆರೆ ಕಡೆಯ ಒಂದು ತಾಕಿನಲ್ಲಿ ಶುರು ಮಾಡು, ಮಿಕ್ಕದ್ದು ನಿಮ್ಮಪ್ಪ ಮಾಡಿಕೊಂಡು ಬಂದಂತೆಯೇ ಇರಲಿ.

ಬೆಲೆಯ ವಿಷಯ. ಸರ್ಕಾರದ ಖರೀದಿ ಕೇಂದ್ರದಲ್ಲಿ ರಾಗಿಗೆ ಇರುವುದು ಒಂದೇ ದರ, 2024-25ರಲ್ಲಿ ಅದು ಕ್ವಿಂಟಲಿಗೆ 4290 ರೂಪಾಯಿ ಇತ್ತು. ಔಷಧಿ ಹೊಡೆದಿದ್ದೀಯಾ ಇಲ್ಲವಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೆಚ್ಚಿನ ಬೆಲೆ ಬೇಕಾದರೆ ಸಾವಯವ ಎಂಬ ಪ್ರಮಾಣಪತ್ರ ಬೇಕು, ಅದು ಕೈಗೆ ಬರುವಷ್ಟರಲ್ಲಿ ಎರಡು ಮೂರು ವರ್ಷ ಕಳೆಯುತ್ತದೆ. ಇಳುವರಿ ಇಳಿಯುವುದೂ ಸಾಮಾನ್ಯವಾಗಿ ಅದೇ ವರ್ಷಗಳಲ್ಲಿ. ಪಿಜಿಎಸ್ ಎನ್ನುವ ದಾರಿ ನಮ್ಮಂಥವರಿಗೆ ಆದೀತು. ಊರಿನ ಐದು ಜನವಾದರೂ ಗುಂಪಾಗಿ, ಒಬ್ಬರ ಹೊಲವನ್ನು ಒಬ್ಬರು ನೋಡಿ ಸಹಿ ಹಾಕುವ ಪದ್ಧತಿ ಅದು. ಖರ್ಚು ಕಡಿಮೆ, ಜಗಳ ಜಾಸ್ತಿ. ಆದರೂ ಪರ ಊರಿನ ಇನ್ಸ್‌ಪೆಕ್ಟರಿಗಿಂತ ಪಕ್ಕದ ಹೊಲದವನ ಕಣ್ಣಿಗೆ ಮಣ್ಣೆರಚುವುದು ಕಷ್ಟ. ಸಾಮೆ, ನವಣೆಗೆ ಕೈ ಹಾಕಿದರೆ ಸಿಪ್ಪೆ ತೆಗೆಯುವ ಯಂತ್ರವನ್ನು ಊರಿಗೇ ತರಿಸುವ ಯೋಚನೆ ಮಾಡು. ಧಾನ್ಯವನ್ನು ಹಾಗೇ ಲಾರಿಗೆ ತುಂಬಿದರೆ ಅಕ್ಕಿ ಮಾಡಿದ ಕೂಲಿ, ಲಾಭ, ತೌಡು ಮೂರೂ ಪೇಟೆಯವರ ಪಾಲು.

ನೀನು ಇನ್ನೂ ಬಾಯಿಬಿಡದ ಸಂಗತಿ ಒಂದಿದೆ. ನೀನು ಊರಲ್ಲಿ ಇಲ್ಲದಷ್ಟೂ ವರ್ಷ ಆ ಕೆರೆ ಕಡೆಯ ತಾಕನ್ನು ವಾರಕ್ಕೆ, ಅಂದರೆ ಫಸಲಿನ ಪಾಲಿಗೆ, ಮಾಡಿಕೊಂಡು ಬಂದ ಮನೆಯೊಂದಿದೆ. ಪೇಟೆಯಿಂದ ಹುಡುಗರು ಮರಳಿ ಬಂದದ್ದನ್ನು ಪತ್ರಿಕೆಯವರು ಫೋಟೊ ಹಾಕಿ ಬರೆಯುತ್ತಾರೆ, ಹೊಲ ಬಿಟ್ಟುಕೊಟ್ಟವರು ಎಲ್ಲಿ ಹೋದರು ಎಂದು ಬರೆದದ್ದನ್ನು ನಾನು ಓದಿಲ್ಲ. ಆ ಗಂಡ ಹೆಂಡತಿಗೆ ನಿನಗಿಂತ ಚೆನ್ನಾಗಿ ಆ ಮಣ್ಣು ಗೊತ್ತು. ಅವರನ್ನು ಬಿಡಿಸುವ ಬದಲು ಜೊತೆಗಿಟ್ಟುಕೊಂಡು ಮಾಡಲು ಆಗುತ್ತದಾ ನೋಡು. ಇಳುವರಿ ಇಳಿದ ವರ್ಷ ನಷ್ಟ ನಿನ್ನದು, ಅವರ ಪಾಲು ಮಾತ್ರ ಹಿಂದಿನಷ್ಟೇ ಎಂದು ಮೊದಲೇ ಮಾತಾಡಿಕೋ. ಹೊಸ ವರ್ಷದ ವಾರದ ಮಾತು ಯುಗಾದಿಗೆ ಆಗಿಬಿಡುತ್ತದೆ. ಅದಕ್ಕೆ ಮುಂಚೆ ಅವರ ಮನೆಗೆ ನೀನೇ ಹೋಗು, ನಿಮ್ಮಪ್ಪನನ್ನು ಕಳಿಸಬೇಡ.